ಬೀಡು ಬಿಡುವ ಬಗೆ: ಹೊಯ್ಸಳ ನಾಡಿನ ಪ್ರವಾಸದಲ್ಲಿ ವಸತಿ ಮತ್ತು ಸಂಚಾರ

"ದೇಶ ಸುತ್ತು, ಕೋಶ ಓದು" ಎಂಬ ಗಾದೆಯನ್ನು ಕೇಳದ ವಿದ್ಯಾರ್ಥಿಯಿಲ್ಲ. ಆದರೆ ದೇಶ ಸುತ್ತಲು ಹೊರಟವನು ರಾತ್ರಿ ಎಲ್ಲಿ ತಂಗಬೇಕು, ಊರಿಂದೂರಿಗೆ ಹೇಗೆ ಹೋಗಬೇಕು, ಎಷ್ಟು ಹೊತ್ತು ನಡೆಯಬೇಕು, ಎಷ್ಟು ಹೊತ್ತು ಕೂರಬೇಕು ಎಂಬುದನ್ನು ಗಾದೆಯು ತಿಳಿಸುವುದಿಲ್ಲ. ಅವು ಅಲ್ಪ ವಿಷಯಗಳೆಂದು ತೋರಬಹುದು, ವಾಸ್ತವವಾಗಿ ಅಲ್ಪವಲ್ಲ. ಶಾಲೆಯ ಪ್ರವಾಸ ಮುಗಿಸಿ ಬಂದ ಬಾಲಕನನ್ನು ಅವನ ಅಜ್ಜಿಯು "ಹಳೇಬೀಡಿನಲ್ಲಿ ಏನು ಕಂಡೆಯಪ್ಪಾ?" ಎಂದು ಕೇಳಿದರೆ, ಬಸ್ಸಿನಲ್ಲಿ ಹಾಡಿದ ಹಾಡು, ದಾರಿಯಲ್ಲಿ ತಿಂದ ಪೂರಿ, ರಾತ್ರಿ ತಿರುವುಗಳಲ್ಲಿ ಆದ ವಾಂತಿ, ಇಷ್ಟೇ ಅವನ ಉತ್ತರವಾಗುವುದುಂಟು. ಶಿಲ್ಪದ ಮಾತು ಬರುವುದೇ ಇಲ್ಲ. ದೋಷವು ಬಾಲಕನದಲ್ಲ; ಪ್ರವಾಸವನ್ನು ರೂಪಿಸಿದ ಹಿರಿಯರದು. ಎಲ್ಲಿ ಇಳಿದುಕೊಳ್ಳಬೇಕೆಂಬುದನ್ನು ಅವರು ಖರ್ಚಿನ ಪ್ರಶ್ನೆಯಾಗಿ ಮಾತ್ರ ಎಣಿಸಿದರು. ಅದು ನೋಟದ ಪ್ರಶ್ನೆಯೂ ಹೌದೆಂಬುದನ್ನು ಮರೆತರು.

ಬೀಡು ಎಂಬ ಶಬ್ದ

"ಬಿಡು" ಎಂಬ ಧಾತುವಿನ ಮೊದಲ ಸ್ವರವು ದೀರ್ಘವಾಗಿ "ಬೀಡು" ಎಂಬ ನಾಮಪದವು ಸಿದ್ಧಿಸಿದೆ; ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು ಆದಂತೆಯೇ ಇದು. ಪಯಣಿಗರು ಹೊರೆಯಿಳಿಸಿದ ತಾಣ, ದಂಡು ಇಳಿದ ತಾಣ, ಅರಸನು ನೆಲೆಸಿದ ತಾಣ, ಕಡೆಗೆ ರಾಜಧಾನಿ, ಹೀಗೆ ಅದರ ಅರ್ಥವು ಬೆಳೆದಿದೆ. ಹಳೇಬೀಡು ಎಂದರೆ ಹಳೆಯ ರಾಜಧಾನಿ. ತಂಗುವುದನ್ನೇ ಹೆಸರಿನಲ್ಲಿ ಧರಿಸಿರುವ ಈ ಊರಿನಲ್ಲಿ ಇಂದಿನ ಪ್ರವಾಸಿಗರಲ್ಲಿ ಅನೇಕರು ಒಂದು ಗಂಟೆಯೂ ನಿಲ್ಲದಿರುವುದು ವಿಪರ್ಯಾಸವೇ ಸರಿ.

ಈಗ ಹಳೇಬೀಡು ಸಣ್ಣ ಊರು. ಆದರೆ 12 ಮತ್ತು 13ನೆಯ ಶತಮಾನಗಳಲ್ಲಿ ದೋರಸಮುದ್ರವೆಂಬ ಹೆಸರಿನಿಂದ ಅದು ದಕ್ಷಿಣ ಭಾರತದ ಹಿರಿಯ ನಗರಗಳಲ್ಲೊಂದಾಗಿತ್ತು. ಕೋಟೆ, ಹಿರಿಯ ಕೆರೆ, ಶಿವಾಲಯಗಳು, ಬಸದಿಗಳು, ಅಂಗಡಿಬೀದಿಗಳು ಅಲ್ಲಿದ್ದವು. ಯಶೋಧರ ಚರಿತೆಯನ್ನು ಬರೆದ ಜನ್ನನು ಇಲ್ಲಿಯ ಅರಸನಾದ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ರಗಳೆಗಳ ಕವಿ ಹರಿಹರನು ಹಂಪೆಗೆ ತೆರಳುವ ಮುನ್ನ ಈ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದೂ, ಹಂಪೆಯ ಗುಡಿಯ ತೆರೆಗೆ ತಗುಲಿದ ಬೆಂಕಿಯನ್ನು ಇಲ್ಲಿಂದಲೇ ಕೈಯುಜ್ಜಿ ಆರಿಸಿದನೆಂದೂ ಶರಣ ಸಂಪ್ರದಾಯದ ಕಥೆಯುಂಟು. 1311ರಲ್ಲಿ ಮಲ್ಲಿಕ್ ಕಾಫರನ ದಂಡು ಬಂದ ಬಳಿಕ ನಗರದ ವೈಭವವು ಕುಗ್ಗಿತು. ಆದುದರಿಂದ ಹಳೇಬೀಡಿಗೆ ಹೋಗುವವನು ಒಂದು ಗುಡಿಗೆ ಹೋಗುತ್ತಿಲ್ಲ; ಮಹಾನಗರವೊಂದಕ್ಕೆ ಹೋಗುತ್ತಿದ್ದಾನೆ. ಮಹಾನಗರವನ್ನು ನೋಡಲು ಹೋದವನು ಅಲ್ಲಿ ಬಿಡಾರ ಹೂಡದೆ ಹಿಂದಿರುಗಬಾರದು.

ಒಂದು ದಿನದ ಲೆಕ್ಕ

ಬೆಂಗಳೂರಿನಿಂದ ಬೇಲೂರಿಗೆ ಸುಮಾರು 220 ಕಿ.ಮೀ. ನಸುಕಿನಲ್ಲಿ ಹೊರಟು ಬೇಲೂರು, ಹಳೇಬೀಡುಗಳನ್ನು ಮುಗಿಸಿ, ಸಾಧ್ಯವಾದರೆ ಶ್ರವಣಬೆಳಗೊಳವನ್ನೂ ಸೇರಿಸಿ, ನಡುರಾತ್ರಿಗೆ ಮರಳುವ ಪ್ರವಾಸಗಳನ್ನು ಏರ್ಪಡಿಸುವುದುಂಟು. ಹೋಗಿ ಬರುವ ದಾರಿಯೇ 440 ಕಿ.ಮೀ. ಮೀರುತ್ತದೆ. ದಿನದ 18 ಗಂಟೆಗಳಲ್ಲಿ 10 ಅಥವಾ 11 ಗಂಟೆ ಬಸ್ಸಿನ ಆಸನಕ್ಕೆ ಸಲ್ಲುತ್ತದೆ. ಊಟ, ತಿಂಡಿ, ಶೌಚ, ತಪ್ಪಿಸಿಕೊಂಡ ಮಕ್ಕಳನ್ನು ಹುಡುಕುವುದು ಇವಕ್ಕೆ 4 ಗಂಟೆ. ಉಳಿದ ಮೂರು ನಾಲ್ಕು ಗಂಟೆಗಳನ್ನು ಮೂರು ಸ್ಥಳಗಳಿಗೆ ಹಂಚಬೇಕು. ಶಿಲ್ಪಿಗಳು ಹಲವು ದಶಕಗಳ ಕಾಲ ಕಡೆದುದನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸುವುದು ಸಾಧ್ಯವೇ? ಅಷ್ಟೇ ಅಲ್ಲ, ಹಗಲೆಲ್ಲ ದುಡಿದು ದಣಿದ ಚಾಲಕನ ಕೈಯಲ್ಲಿ ನಡುರಾತ್ರಿಯ ಹೆದ್ದಾರಿಯ ಮೇಲೆ ಐವತ್ತು ಮಕ್ಕಳ ಪ್ರಾಣವನ್ನಿಡುವುದು ಯಾವ ಉಳಿತಾಯ? ಒಂದು ರಾತ್ರಿಯ ವಸತಿಗೆ ತೆರುವ ಹಣವು ಆ ಅಪಾಯದ ಮುಂದೆ ಏನೂ ಅಲ್ಲ.

ತಂಗುವ ಊರು ಯಾವುದು

ಈ ಸೀಮೆಯಲ್ಲಿ ತಂಗಲು ನಾಲ್ಕು ಊರುಗಳುಂಟು. ಒಂದೊಂದಕ್ಕೂ ಒಂದು ಗುಣ, ಒಂದು ಕೊರತೆ.

ಹಾಸನವು ಜಿಲ್ಲಾ ಕೇಂದ್ರ. ವಸತಿಗೃಹಗಳು ಇಲ್ಲಿ ಹೆಚ್ಚು, ಎಲ್ಲ ದರದ ಕೊಠಡಿಗಳೂ ದೊರೆಯುತ್ತವೆ, ಆಸ್ಪತ್ರೆಗಳೂ ಹತ್ತಿರ. ದೊಡ್ಡ ತಂಡಕ್ಕೂ ವೃದ್ಧರೊಡನೆ ಬಂದವರಿಗೂ ಇದು ಅನುಕೂಲ. ಆದರೆ ಇಲ್ಲಿಂದ ಹಳೇಬೀಡು ಸುಮಾರು 30 ಕಿ.ಮೀ., ಬೇಲೂರು ಸುಮಾರು 40 ಕಿ.ಮೀ. ಬೆಳಗಿನ ಒಳ್ಳೆಯ ಹೊತ್ತು ದಾರಿಯಲ್ಲಿಯೇ ಕಳೆದುಹೋಗುತ್ತದೆ.

ಅರಸೀಕೆರೆಯು ರೈಲ್ವೆ ಜಂಕ್ಷನ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮಾರ್ಗದಲ್ಲಿ ಬೆಂಗಳೂರಿಗೆ ಸುಮಾರು 165 ಕಿ.ಮೀ. ದೂರದಲ್ಲಿದೆ, ಹಾಸನದ ಕಡೆಯ ಮಾರ್ಗವು ಇಲ್ಲಿಂದಲೇ ಕವಲೊಡೆಯುತ್ತದೆ. ರಾತ್ರಿ ಹೊತ್ತು ಮೀರಿ ರೈಲಿನಿಂದ ಇಳಿದವರು, ಮುಂಜಾನೆಯ ರೈಲನ್ನು ಹಿಡಿಯಬೇಕಾದವರು ನಿಲ್ದಾಣದ ಆಸುಪಾಸಿನಲ್ಲಿ ತಂಗುವುದು ವಿವೇಕ. ಹೊಯ್ಸಳ ರಾಣಿಯೊಬ್ಬಳು ಕಟ್ಟಿಸಿದ ಕೆರೆಯಿಂದ "ಅರಸಿಯ ಕೆರೆ" ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ಇದನ್ನು ರೈಲು ಬದಲಿಸುವ ಊರೆಂದಷ್ಟೇ ತಿಳಿದವರು ಊರೊಳಗಿನ ಈಶ್ವರ ದೇವಾಲಯವನ್ನು ನೋಡದೆ ಹೋಗುತ್ತಾರೆ. ಸುಮಾರು 1220ರ ಈ ಶಿವಾಲಯದ ಮುಂದಿನ ತೆರೆದ ಮಂಟಪವು ಹದಿನಾರು ಮೂಲೆಗಳ ನಕ್ಷತ್ರಾಕಾರದ್ದು. ಅದರ ಛಾವಣಿಯು ಗುಮ್ಮಟದಂತೆ ಬಾಗಿದೆ. ಅಂತಹ ಮಂಟಪವು ಹೊಯ್ಸಳ ನಾಡಿನಲ್ಲಿಯೇ ಅಪರೂಪ. ಅದೇ 1220ರಲ್ಲಿ ವೀರಬಲ್ಲಾಳನ ಮಂತ್ರಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಈ ಊರಿನಲ್ಲಿದೆ.

ಬೇಲೂರಿನಲ್ಲಿ ಸಾಧಾರಣ ದರದ ವಸತಿಗೃಹಗಳು ಹಲವಿವೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ವೇಲಾಪುರಿಯೂ ಇದೆ. ಬಸ್ ನಿಲ್ದಾಣದಿಂದ ದೇವಾಲಯಕ್ಕೆ ನಡೆದೇ ಹೋಗಬಹುದು. ಬೆಳಿಗ್ಗೆ ಎದ್ದು, ಮಿಂದು, ದೂರದ ಊರುಗಳ ಬಸ್ಸುಗಳು ಬರುವುದಕ್ಕೆ ಮುನ್ನವೇ ಗೋಪುರದ ಬಾಗಿಲನ್ನು ದಾಟಬಹುದು. ಈ ಒಂದು ಗುಣಕ್ಕಾಗಿಯೇ ಬೇಲೂರಿನ ಸಾಧಾರಣ ಕೊಠಡಿಯು ದೂರದ ಊರಿನ ಭವ್ಯ ಕೊಠಡಿಗಿಂತ ಮೇಲು.

ಹಳೇಬೀಡಿನಲ್ಲಿ ವಸತಿ ವಿರಳ. ದೊಡ್ಡ ತಂಡಕ್ಕೆ ಇಲ್ಲಿ ಎಡೆ ಸಿಗುವುದು ಕಷ್ಟ. ನಾಲ್ಕೈದು ಜನರ ಕುಟುಂಬವು ಮುಂಚೆಯೇ ವಿಚಾರಿಸಿಕೊಂಡು ಬಂದರೆ ತಂಗಬಹುದು. ಎಡೆ ಸಿಗದಿದ್ದರೆ ಚಿಂತೆಯಿಲ್ಲ, ಬೇಲೂರು ಕೇವಲ 16 ಕಿ.ಮೀ.

ಹೋಟೆಲು, ಲಾಡ್ಜು, ಛತ್ರ

ಕನ್ನಡ ನಾಡಿನಲ್ಲಿ "ಹೋಟೆಲು" ಎಂದೊಡನೆ ಮನಸ್ಸಿಗೆ ಬರುವುದು ಇಡ್ಲಿ, ವಡೆ, ಕಾಫಿ, ಹಾಸಿಗೆಯಲ್ಲ. ಮಲಗಲು ಇರುವುದು ಲಾಡ್ಜು ಅಥವಾ ವಸತಿಗೃಹ. ಸಣ್ಣ ಊರಿನ ಹೋಟೆಲಿನ ಮೇಲೆ ಕೊಠಡಿ ಇರಲೇಬೇಕೆಂಬ ನಿಯಮವಿಲ್ಲ. ಲಾಡ್ಜಿನಲ್ಲಿ ಊಟ ಸಿಗಲೇಬೇಕೆಂಬ ನಿಯಮವೂ ಇಲ್ಲ. ಆದುದರಿಂದ ಇವೆರಡನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಸಸ್ಯಾಹಾರದ ನಿಯಮವುಳ್ಳವರು ಫಲಕವನ್ನು ಓದಿಯೇ ಒಳಹೋಗುವುದು ಲೇಸು. ಮಿಲಿಟರಿ ಹೋಟೆಲು ಎಂದರೆ ಮಾಂಸಾಹಾರದ ಮನೆ. ಉತ್ತರ ಕರ್ನಾಟಕದವರಿಗೆ ಪರಿಚಿತವಾದ ರೊಟ್ಟಿಯೂಟದ ಖಾನಾವಳಿಯು ಈ ಸೀಮೆಯಲ್ಲಿ ಎಲ್ಲೆಡೆಯೂ ಸಿಗದು. ಮುದ್ದೆ, ಅನ್ನ, ಸಾರು ಇಲ್ಲಿಯ ಊಟ.

ಕೊಠಡಿಯನ್ನು ಆರಿಸುವಾಗ ಕೆಲವು ಮಾತುಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದು, ಕಣ್ಣಾರೆ ನೋಡದೆ ಹಣ ಕೊಡಬಾರದು. ಈಗ ಮೊಬೈಲಿನಲ್ಲಿಯೇ ಚಿತ್ರ ನೋಡಿ ಕೊಠಡಿಯನ್ನು ಕಾದಿರಿಸುವುದು ರೂಢಿಯಾಗಿದೆ. ಆದರೆ ಚಿತ್ರದಲ್ಲಿ ಸಣ್ಣ ಕೊಠಡಿಯೂ ವಿಶಾಲವಾಗಿ ಕಾಣುತ್ತದೆ, ನಲ್ಲಿಯಲ್ಲಿ ನೀರು ಬರುವುದೋ ಇಲ್ಲವೋ ತಿಳಿಯದು. ಶಾಲೆಯ ತಂಡವಾದರೆ ಉಪಾಧ್ಯಾಯರೊಬ್ಬರು ಒಂದು ವಾರ ಮುಂಚೆ ಹೋಗಿ ನೋಡಿ ಬರುವುದು ಅತ್ಯುತ್ತಮ.

ಎರಡನೆಯದು, ಹಾಸಿಗೆಗಿಂತ ಮೊದಲು ಶೌಚಗೃಹಗಳನ್ನು ಎಣಿಸಬೇಕು. ನಲವತ್ತು ಮಕ್ಕಳಿಗೆ ಎರಡೇ ಶೌಚಗೃಹಗಳಿದ್ದರೆ, ಒಬ್ಬೊಬ್ಬರಿಗೆ ಹತ್ತು ನಿಮಿಷವೆಂದರೂ ಬೆಳಗಿನ ಮೂರು ಗಂಟೆಗಳು ಅಲ್ಲಿಯೇ ಹೋಗುತ್ತವೆ. ಅನೇಕ ಲಾಡ್ಜುಗಳಲ್ಲಿ ಬಿಸಿನೀರು ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ. ಆ ವೇಳೆಯನ್ನು ರಾತ್ರಿಯೇ ಕೇಳಿಕೊಳ್ಳಬೇಕು.

ಮೂರನೆಯದು, ದಿನದ ಲೆಕ್ಕ ಹೇಗೆಂದು ಕೇಳಬೇಕು. ಕೆಲವೆಡೆ ಒಳಬಂದ ಗಳಿಗೆಯಿಂದ 24 ಗಂಟೆ. ಕೆಲವೆಡೆ ಮಧ್ಯಾಹ್ನ 12ಕ್ಕೆ ಕೊಠಡಿಯನ್ನು ತೆರವು ಮಾಡಬೇಕು. ಸಂಜೆ ಆರಕ್ಕೆ ಬಂದವರಿಗೆ ಈ ಎರಡಕ್ಕೂ ಆರು ಗಂಟೆಗಳ ಅಂತರ. ಹಣಕ್ಕೆ ರಸೀದಿ ಪಡೆಯುವುದನ್ನೂ ದೊಡ್ಡವರು ಗುರುತಿನ ಚೀಟಿ ಒಯ್ಯುವುದನ್ನೂ ಮರೆಯಬಾರದು.

ನಾಲ್ಕನೆಯದು, ಹೆಣ್ಣುಮಕ್ಕಳ ಮತ್ತು ವೃದ್ಧರ ವಿಚಾರ. ಹೆಣ್ಣುಮಕ್ಕಳ ಕೊಠಡಿಗಳೆಲ್ಲ ಒಂದೇ ಅಂತಸ್ತಿನಲ್ಲಿ, ಉಪಾಧ್ಯಾಯಿನಿಯರ ಕೊಠಡಿಯ ಪಕ್ಕದಲ್ಲಿ ಇರಬೇಕು. ಒಳಗಿನ ಅಗಳಿಯನ್ನು ಹಾಕಿ ನೋಡಬೇಕು. ಮಂಡಿನೋವುಳ್ಳ ಹಿರಿಯರಿಗೆ ನೆಲಮಹಡಿಯನ್ನೇ ಕೇಳಬೇಕು. ಹಗಲೆಲ್ಲ ಜಗತಿಯ ಮೆಟ್ಟಿಲು ಹತ್ತಿ ಇಳಿದವರಿಗೆ ರಾತ್ರಿ ಮೂರು ಮಹಡಿ ಹತ್ತುವುದು ಶಿಕ್ಷೆ.

ಇನ್ನು ಕಾಲದ ವಿಚಾರ. ಚೈತ್ರದಲ್ಲಿ ಬೇಲೂರಿನ ರಥೋತ್ಸವ. ಆಗ ಊರು ತುಂಬಿರುತ್ತದೆ. ಮದುವೆಯ ಮುಹೂರ್ತಗಳ ದಿನಗಳಲ್ಲಿ ಲಾಡ್ಜುಗಳೂ ಕಲ್ಯಾಣಮಂಟಪಗಳೂ ದೊರೆಯವು. ಮುಹೂರ್ತವಿಲ್ಲದ ದಿನಗಳಲ್ಲಾದರೋ ಕಲ್ಯಾಣಮಂಟಪವೇ ದೊಡ್ಡ ತಂಡಕ್ಕೆ ಒಳ್ಳೆಯ ವಸತಿಯಾಗಬಲ್ಲದು; ಅಡುಗೆಮನೆಯೂ ಜೊತೆಗೆ ಸಿಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ರಜಾದಿನಗಳಲ್ಲಿ ಹೋಗುವವರು ಮುಂಗಡವಾಗಿ ಏರ್ಪಾಡು ಮಾಡಿಕೊಳ್ಳದೆ ಹೊರಡಬಾರದು.

ಸಂಚಾರದ ಕ್ರಮ

ಬೇಲೂರು ಹಳೇಬೀಡುಗಳಿಗೆ ಹೋಗುವವರು ರೈಲಿನಿಂದ ಇಳಿಯಬೇಕಾದ ನಿಲ್ದಾಣಗಳು ಹಾಸನ, ಅರಸೀಕೆರೆ ಅಥವಾ ಬಾಣಾವರ. ಮುಂದಿನದು ರಸ್ತೆಯ ಪಯಣ. ವಿದ್ಯಾರ್ಥಿಗಳ ಪ್ರವಾಸಕ್ಕೆ ರೈಲ್ವೆಯವರು ರಿಯಾಯಿತಿ ಕೊಡುವ ಪದ್ಧತಿಯುಂಟು. ಅದಕ್ಕೆ ಮುಖ್ಯೋಪಾಧ್ಯಾಯರ ಪ್ರಮಾಣಪತ್ರವನ್ನು ಮುಂಚೆಯೇ ಸಿದ್ಧಪಡಿಸಿಕೊಳ್ಳಬೇಕು. ಸರ್ಕಾರಿ ಬಸ್ಸುಗಳು ಈ ಊರುಗಳನ್ನೆಲ್ಲ ಕೂಡಿಸುತ್ತವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. ಗುರುತಿನ ಚೀಟಿಯೊಂದು ಬೇಕು. ಬಡ ಮನೆಯ ಹುಡುಗಿಯೊಬ್ಬಳು ತಾಯಿ, ಅಜ್ಜಿಯರೊಡನೆ ಈ ಶಿಲ್ಪಗಳನ್ನು ನೋಡಿ ಬರುವುದು ಇದರಿಂದ ಸುಲಭವಾಗಿದೆ.

ಬಸ್ಸನ್ನೇ ನಂಬಿದವರು ಊರಿಗೆ ಇಳಿದ ಕೂಡಲೇ ನಿಯಂತ್ರಕರನ್ನು ಕೇಳಬೇಕಾದ ಪ್ರಶ್ನೆಯೊಂದೇ: "ಕೊನೆಯ ಬಸ್ಸು ಎಷ್ಟು ಹೊತ್ತಿಗೆ?" ಹಗಲಿನಲ್ಲಿ ಸಾಕಷ್ಟಿರುವ ಬಸ್ಸುಗಳು ಕತ್ತಲಾದಂತೆ ವಿರಳವಾಗುತ್ತವೆ. ಹಾರನಹಳ್ಳಿ, ದೊಡ್ಡಗದ್ದವಳ್ಳಿಗಳಂತಹ ಹಳ್ಳಿಗಳಿಗೆ ಹೋಗಬೇಕಾದರೆ ನಾಲ್ಕೈದು ಜನ ಸೇರಿ ವಾಹನವೊಂದನ್ನು ಗೊತ್ತುಮಾಡಿಕೊಳ್ಳುವುದು ಉಚಿತ. ಆಗ ಬಾಡಿಗೆಯು ಕಿಲೋಮೀಟರಿಗೋ ದಿನಕ್ಕೋ, ಕಾಯುವ ಹೊತ್ತಿಗೆ ಬೇರೆ ಹಣವುಂಟೋ, ಯಾವ ಯಾವ ಸ್ಥಳಗಳು ಸೇರಿವೆ ಎಂಬುದನ್ನು ಹತ್ತುವ ಮುನ್ನವೇ ಚೀಟಿಯಲ್ಲಿ ಬರೆದುಕೊಳ್ಳಬೇಕು. ದೇವಾಲಯದ ಮಾರ್ಗದರ್ಶಿಗಳ ಸಂಭಾವನೆಯ ವಿಚಾರದಲ್ಲಿಯೂ ಇದೇ ನಿಯಮ. ಮೊದಲು ಆಡಿದ ಮಾತು ಕಡೆಯ ಜಗಳವನ್ನು ತಪ್ಪಿಸುತ್ತದೆ.

ಊರೊಳಗಿನ ಸಂಚಾರಕ್ಕೆ ಕಾಲೇ ವಾಹನ. ಬಸ್ಸಿನ ಕಿಟಕಿಯಿಂದ ಹಳೇಬೀಡಿನ ಕೋಟೆಯ ಕುರುಹು ಕಾಣದು, ನಡೆಯುವವನಿಗೆ ಕಾಣುತ್ತದೆ. ಬೇಲೂರಿನ ಅಂಗಳದ ಹಾಸುಗಲ್ಲು ಮಧ್ಯಾಹ್ನ ಕಾದ ಹೆಂಚಾಗುತ್ತದೆ. ಪಾದರಕ್ಷೆಯನ್ನು ಹೊರಗಿಟ್ಟು ಬಂದ ಮಕ್ಕಳು ಕುಣಿಯುತ್ತಾ ಓಡುವರೇ ಹೊರತು ಶಿಲ್ಪವನ್ನು ನೋಡರು. ಒಂದು ಜೊತೆ ಹತ್ತಿಯ ಕಾಲುಚೀಲವನ್ನು ಒಯ್ದರೆ ಈ ಕಷ್ಟವಿಲ್ಲ.

ಮೂರು ದಿನಗಳ ಒಂದು ಕ್ರಮ

ಮೊದಲ ದಿನ ಬೆಳಿಗ್ಗೆ ರೈಲಿನಿಂದ ಅರಸೀಕೆರೆಗೆ ಬಂದು ಶಿವಾಲಯವನ್ನೂ ಸಹಸ್ರಕೂಟ ಜಿನಾಲಯವನ್ನೂ ನೋಡುವುದು. ಅಲ್ಲಿಂದ ಹಾಸನದ ದಾರಿಯಲ್ಲಿ ಸುಮಾರು 8 ಕಿ.ಮೀ. ಸಾಗಿದರೆ ಹಾರನಹಳ್ಳಿ. ಭಕ್ತರಿಗೆ ಕೋಡಿಮಠದಿಂದ ಪರಿಚಿತವಾದ ಈ ಊರಿನಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳಿವೆ. ಮಲ್ಲಿತಮ್ಮನೆಂಬ ಹೆಸರಾಂತ ಶಿಲ್ಪಿ ಇಲ್ಲಿ ಕೆಲಸ ಮಾಡಿದ್ದಾನೆ. ಮಧ್ಯಾಹ್ನದ ಮೇಲೆ ಹಾಸನದ ಮೂಲಕ ಬೇಲೂರಿಗೆ ಹೋಗಿ ತಂಗುವುದು.

ಎರಡನೆಯ ದಿನ ಮುಂಜಾನೆ ಚೆನ್ನಕೇಶವ ದೇವಾಲಯ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯವು ಪೂರ್ವಾಭಿಮುಖವಾದುದು. ಎಳೆಬಿಸಿಲು ಮುಂಬದಿಯ ಮದನಿಕೆಯರ ಮೇಲೆ ಓರೆಯಾಗಿ ಬಿದ್ದಾಗ ಒಡವೆಯ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಹೊರಗಡೆ 38, ಒಳಗಡೆ 4, ಒಟ್ಟು 42 ಮದನಿಕೆಯರು. ಕೆಲವು ಶಿಲ್ಪಗಳ ಕೆಳಗೆ ಹಳಗನ್ನಡ ಲಿಪಿಯಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ಅವರಲ್ಲಿ ಮುಖ್ಯರು. ಅವರೂ ದೂರದ ಊರಿನಿಂದ ಬಂದು ಇಲ್ಲಿ ಬಿಡಾರ ಹೂಡಿದವರೇ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಮುಚ್ಚುವುದರಿಂದ ದರ್ಶನವನ್ನು ಮೊದಲೇ ಮುಗಿಸಿಕೊಳ್ಳಬೇಕು.

ಊಟದ ಬಳಿಕ ಹಳೇಬೀಡು. 1121ರ ವೇಳೆಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯದ ಹಿರಿಯ ಮೂರ್ತಿಶಿಲ್ಪಗಳು ಪಶ್ಚಿಮದ ಹೊರಗೋಡೆಯಲ್ಲಿವೆ. ಬೆಳಿಗ್ಗೆ ನೆರಳಿನಲ್ಲಿರುವ ಅವುಗಳ ಮೇಲೆ ಬಿಸಿಲು ಬೀಳುವುದು ಅಪರಾಹ್ಣದಲ್ಲಿ. ಆದುದರಿಂದ ಬೇಲೂರಿಗೆ ಬೆಳಗು, ಹಳೇಬೀಡಿಗೆ ಇಳಿಹೊತ್ತು ಎಂಬುದನ್ನು ಸೂತ್ರದಂತೆ ನೆನಪಿಡಬಹುದು. ಬುಡದಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ, ಪುರಾಣಕಥೆ, ಮಕರ, ಹಂಸ ಹೀಗೆ ಸಾಲುಗಳನ್ನು ಒಂದು ಸುತ್ತು ಬಂದು ಓದಿದರೆ ರಾಮಾಯಣ, ಭಾರತಗಳ ಪಾಠವೇ ಆಗುತ್ತದೆ. ದಕ್ಷಿಣದ ಕಡೆ ನಿಂತಿರುವ, ವೀರಬಲ್ಲಾಳನ ಅಂಗರಕ್ಷಕ ಕುವರಲಕ್ಷ್ಮನ ನೆನಪಿನ ಗರುಡಗಂಬವನ್ನು ಅವಸರದ ಪ್ರವಾಸಿಯು ತಪ್ಪಿಸಿಕೊಳ್ಳುತ್ತಾನೆ. ಪ್ರಾಕಾರದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಆ ದಿನವನ್ನು ಬಿಟ್ಟು ಹೊರಡಬೇಕು. ರಾತ್ರಿ ಹಳೇಬೀಡಿನಲ್ಲಿಯೋ ಬೇಲೂರಿಗೆ ಮರಳಿಯೋ ತಂಗುವುದು.

ಮೂರನೆಯ ದಿನವನ್ನು ನಗರಕ್ಕೇ ಮೀಸಲಿಡಬೇಕು. ಬಸ್ತಿಹಳ್ಳಿಯ ಬಸದಿಗಳಲ್ಲಿ 1133ರ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಮುಖವನ್ನು ತೋರುತ್ತವೆ. ಅಲ್ಲಿಂದ ನಡೆದು ಹೋದರೆ, 1219ರಲ್ಲಿ ವೀರಬಲ್ಲಾಳನೂ ರಾಣಿ ಕೇತಲದೇವಿಯೂ ಕಟ್ಟಿಸಿದ ಕೇದಾರೇಶ್ವರ. ಸಮೀಪದಲ್ಲಿಯೇ ಮಲ್ಲಿಕಾರ್ಜುನನ ಗುಡಿಯುಳ್ಳ ಪುಷ್ಪಗಿರಿ ಮತ್ತು ಅಲ್ಲಿಯ ಮಠ. ಇನ್ನೊಂದು ಕಡೆ ಹುಲಿಕೆರೆಯ ಹೊಯ್ಸಳರ ಕಾಲದ ಕಲ್ಯಾಣಿ. ಅಪರಾಹ್ಣ ಜಾವಗಲ್ಲಿನ ದಾರಿ ಹಿಡಿದು, ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಕಂಡು, ಬಾಣಾವರದ ಮೂಲಕ ಅರಸೀಕೆರೆಗೆ ಬಂದು ರೈಲು ಹತ್ತುವುದು.

ಈ ಸುತ್ತಿನ ಒಟ್ಟು ರಸ್ತೆ 150 ಕಿ.ಮೀ. ಆಸುಪಾಸು, ಅದೂ ಮೂರು ದಿನಗಳಲ್ಲಿ. ಒಂದೇ ರಾತ್ರಿಗೆ ಅನುಕೂಲವುಳ್ಳವರು ಮೊದಲ ದಿನ ಅರಸೀಕೆರೆಯಿಂದ ನೇರವಾಗಿ ಜಾವಗಲ್ಲಿನ ಮಾರ್ಗದಲ್ಲಿ ಹಳೇಬೀಡಿಗೆ ಹೋಗಿ, ಇಳಿಹೊತ್ತನ್ನು ಅಲ್ಲಿ ಕಳೆದು, ರಾತ್ರಿ ಬೇಲೂರಿನಲ್ಲಿ ತಂಗಿ, ಮರುದಿನ ಬೆಳಿಗ್ಗೆ ಬೇಲೂರನ್ನು ನೋಡಿ ಹಾಸನದಿಂದ ಮರಳಬಹುದು. ನೋಡುವ ಸ್ಥಳಗಳು ಕಡಿಮೆಯಾದರೂ ಚಿಂತೆಯಿಲ್ಲ, ಕಂಡುದು ಉಳಿಯಬೇಕು.

ಬಿಡಾರದ ಧರ್ಮ

ಹಿಂದೆ ದಾರಿಹೋಕರಿಗಾಗಿ ಛತ್ರ, ಅರವಟ್ಟಿಗೆ, ಸಾಲುಮರಗಳನ್ನು ಮಾಡಿಸುವುದು ಪುಣ್ಯಕಾರ್ಯವೆನಿಸಿತ್ತು. ಮಠಗಳ ದಾಸೋಹವು ಆ ಪರಂಪರೆಯನ್ನು ಇಂದಿಗೂ ನಡೆಸುತ್ತಿದೆ. ಪ್ರವಾಸದ ನಡುವೆ ಮಠವೊಂದರಲ್ಲಿ ಇಳಿಯಬೇಕೆನ್ನುವವರು ಮುಂಚೆಯೇ ಪತ್ರ ಬರೆದು ಅಪ್ಪಣೆ ಪಡೆಯಬೇಕು. ಎಷ್ಟು ಜನ, ಎಷ್ಟು ಹೊತ್ತಿಗೆ ಬರುವರೆಂಬುದನ್ನು ತಿಳಿಸಬೇಕು. ದಾಸೋಹವೆಂದರೆ ಹಣವಿಲ್ಲದ ಹೋಟೆಲಲ್ಲ. ಅಲ್ಲಿ ಉಂಡ ಮಕ್ಕಳು ಬಡಿಸಲು ನಿಲ್ಲಬೇಕು, ಎಲೆ ತೆಗೆಯಬೇಕು, ಮಲಗಿದ ಎಡೆಯನ್ನು ಗುಡಿಸಿ ಹೊರಡಬೇಕು. ಲಾಡ್ಜಿನಲ್ಲಿಯೂ ಅಷ್ಟೇ: ಹಣ ಕೊಟ್ಟವರೆಂಬ ಕಾರಣಕ್ಕೆ ಗೋಡೆಯ ಮೇಲೆ ಹೆಸರು ಗೀಚುವ ಹಕ್ಕು ಬರುವುದಿಲ್ಲ. ಲಾಡ್ಜಿನ ಗೋಡೆಯ ಮೇಲೆ ಗೀಚಿದ ಕೈಯೇ ಮರುದಿನ ದೇವಾಲಯದ ಗೋಡೆಯ ಮೇಲೂ ಗೀಚುತ್ತದೆ.

ಶರಣರು ಸ್ಥಾವರ, ಜಂಗಮಗಳ ಭೇದವನ್ನು ಆಳವಾಗಿ ಚಿಂತಿಸಿದವರು. ಕಲ್ಲಿನ ಗುಡಿಯು ಒಂದೆಡೆ ನಿಂತಿದೆ. ನಡೆಯುವ, ನೋಡುವ, ತಿಳಿಯುವ ಮನುಷ್ಯನು ಚಲಿಸುತ್ತಿದ್ದಾನೆ. ಚಲನೆಯೆಂದರೆ ಓಟವಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವನ ನಡೆಯೇ ನಡೆ. ಹಳೇಬೀಡಿನ ಕೆರೆಯ ಏರಿಯ ಮೇಲೆ ಸಂಜೆ ಅರ್ಧ ಗಂಟೆ ಕುಳಿತು, ಈ ನೀರಿನ ದಡದಲ್ಲಿ ಒಂದು ಮಹಾನಗರವಿತ್ತೆಂದು ಮಕ್ಕಳಿಗೆ ಉಪಾಧ್ಯಾಯರೊಬ್ಬರು ಹೇಳಿದರೆ, ಮನೆಗೆ ಮರಳಿದ ಬಾಲಕನು ಅಜ್ಜಿಯ ಪ್ರಶ್ನೆಗೆ ಬೇರೆಯೇ ಉತ್ತರವನ್ನು ಕೊಟ್ಟಾನು. ಆ ಅರ್ಧ ಗಂಟೆಯು ದೊರೆಯುವುದು ರಾತ್ರಿಯ ಬಿಡಾರವನ್ನು ಹತ್ತಿರದಲ್ಲಿ ಗೊತ್ತುಮಾಡಿಕೊಂಡವರಿಗೆ ಮಾತ್ರ.